ಪಹಣಿ ಇದ್ದವರಿಗೆ ಬಾಡಿಗೆ ಬಂತು, ಕಳೆ ಕಿತ್ತವರಿಗೆ ಏನು ಬಂತು?

ಪ್ರಶ್ನೆ: ಮೇಡಂ, ನಮ್ಮದು ಪಾವಗಡ ತಾಲ್ಲೂಕು, ಸೋಲಾರ್ ಪಾರ್ಕ್ ಪಕ್ಕದ ಊರು. ನಾನು ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ನಮಗೆ ಸ್ವಂತ ಜಮೀನಿಲ್ಲ. ಅಮ್ಮ ಇಪ್ಪತ್ತು ವರ್ಷ ಬೇರೆಯವರ ಹೊಲದಲ್ಲಿ ಶೇಂಗಾ ಕೂಲಿ ಮಾಡಿದವರು. ಪಾರ್ಕ್ ಬಂದ ಮೇಲೆ ಜಮೀನಿದ್ದವರಿಗೆ ವರ್ಷ ವರ್ಷ ಬಾಡಿಗೆ ಬರುತ್ತಿದೆ. ಅಮ್ಮನಿಗೆ ಇದ್ದ ಕೂಲಿ ಹೋಯಿತು, ಬದಲಿಗೆ ಏನೂ ಬರಲಿಲ್ಲ. ಈ ಸೆಮಿಸ್ಟರ್‌ನಲ್ಲಿ ಪರಿವರ್ತನೆಯ ಹಾದಿಯಲ್ಲಿರುವ, ಅಂದರೆ ಸರ್ಕಾರಿ ಹಿಡಿತದ ಆರ್ಥಿಕತೆಯಿಂದ ಮಾರುಕಟ್ಟೆಯತ್ತ ಹೊರಳಿದ ದೇಶಗಳ ಸಾಮಾಜಿಕ ನೀತಿಯ ಬಗ್ಗೆ ಪಾಠವಿದೆ. ರಷ್ಯಾ, ಪೋಲೆಂಡ್, ಚೀನಾ ಎಂದು ಓದುತ್ತೇವೆ. ತರಗತಿಯಲ್ಲಿ ನಮ್ಮೂರಿನ ವಿಷಯ ಎತ್ತಿದಾಗ, ‘ಅದು ಬರಡು ಭೂಮಿ, ಜನ ಹೇಗೂ ಗುಳೆ ಹೋಗುತ್ತಿದ್ದರು, ಯಾರೂ ಏನೂ ಕಳೆದುಕೊಂಡಿಲ್ಲ’ ಎಂದರು. ಅಮ್ಮನಿಗೆ ಆದದ್ದು ಅನ್ಯಾಯವೋ, ಬರೀ ದುರದೃಷ್ಟವೋ? ಬೇರೆ ದೇಶಗಳು ಇಂಥವರಿಗೆ ಏನು ಮಾಡಿದವು? ಈಗ ಪಕ್ಕದ ಊರಲ್ಲೂ ಯಾರೋ ಜಮೀನು ಗುತ್ತಿಗೆಗೆ ಕೇಳುತ್ತಿದ್ದಾರೆ. ನಮ್ಮಂಥವರು ಏನು ಕೇಳಬೇಕು?

ಉತ್ತರ: ಅನ್ಯಾಯವೇ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಳೆ ಕೈಕೊಟ್ಟು ಕೂಲಿ ಹೋದರೆ ದುರದೃಷ್ಟ ಎನ್ನಬಹುದು. ಸರ್ಕಾರದ ಒಂದು ತೀರ್ಮಾನದಿಂದ ಇಡೀ ಊರಿನ ದುಡಿಮೆಯ ರೀತಿಯೇ ಬದಲಾಯಿತು. ಅದರ ಹಣ ಹಂಚುವಾಗ ನಿಮ್ಮ ತಾಯಿಯವರ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ಇದನ್ನು ಮಳೆರಾಯ ಮಾಡಲಿಲ್ಲ, ಮನುಷ್ಯರು ಮಾಡಿದ್ದು. ಮನುಷ್ಯರು ಮಾಡಿದ್ದನ್ನು ಬೇರೆ ರೀತಿಯಲ್ಲೂ ಮಾಡಬಹುದಿತ್ತು.

ಓದುವ ಬೇರೆಯವರಿಗಾಗಿ ಹಿನ್ನೆಲೆ ಸ್ವಲ್ಪ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಸುತ್ತಿನ ಸುಮಾರು 13,000 ಎಕರೆಯಲ್ಲಿ ಪಾವಗಡ ಸೋಲಾರ್ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಅದರ ವಿಶೇಷವೆಂದರೆ ಜಮೀನನ್ನು ಕೊಳ್ಳಲಿಲ್ಲ, ಸ್ವಾಧೀನವನ್ನೂ ಮಾಡಿಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ರೈತನ ಹೆಸರು ಪಹಣಿಯಲ್ಲಿ ಹಾಗೇ ಉಳಿಯುತ್ತದೆ. ಭೂಮಿ ಕಿತ್ತುಕೊಂಡು ಎಸೆಯುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ನಾನೂ ಆಗ ಮೆಚ್ಚಿ ಮಾತಾಡಿದ್ದೆ, ಆ ಮೆಚ್ಚುಗೆಯನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಆಗ ನಾನು ಜಮೀನಿದ್ದವರನ್ನಷ್ಟೇ ಮಾತಾಡಿಸಿ ಬಂದಿದ್ದೆ.

ಎರಡನೇ ಸಲ ಹೋದಾಗ ಮನೆಮನೆಗೆ ಹೋದೆ. ಕಾಲೋನಿಯ ಕೊನೆಯ ಮನೆಯಲ್ಲಿ ಅರವತ್ತು ದಾಟಿದ ಒಬ್ಬ ಅಮ್ಮ ಸೂರಿನ ಸಂದಿಯಿಂದ ಒಂದು ಕಬ್ಬಿಣದ ಕಡ್ಡಿ ತೆಗೆದು ತೋರಿಸಿದರು. ಗೇಣುದ್ದ ಇರಬಹುದು, ಒಂದು ತುದಿಗೆ ಹಳೆ ಸೀರೆಯ ಚೂರು ಸುತ್ತಿದ್ದರು, ಇನ್ನೊಂದು ತುದಿ ಸವೆದು ಹೊಳೆಯುತ್ತಿತ್ತು. ‘ಇದು ಹಕ್ಕಲಿಗೆ’ ಅಂದರು. ಶೇಂಗಾ ಗಿಡ ಕಿತ್ತ ಮೇಲೆ ಒಂದಷ್ಟು ಕಾಯಿ ಮಣ್ಣಲ್ಲೇ ಉಳಿಯುತ್ತದಲ್ಲ, ಹೊಲದವರು ಫಸಲು ಮನೆಗೆ ಸಾಗಿಸಿದ ಮೇಲೆ ಅದನ್ನು ಕೆದಕಿ ಆಯ್ದುಕೊಳ್ಳುವುದು ಕೂಲಿಯವರ ಪಾಲು. ಯಾರನ್ನೂ ಕೇಳಬೇಕಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆಯ್ದ ಕಾಯಿಯಲ್ಲಿ ಮನೆಗೆ ಎಣ್ಣೆ, ಹಬ್ಬಕ್ಕೆ ಉಂಡೆ, ಉಳಿದದ್ದು ಸಂತೆಗೆ. ಆ ಕಡ್ಡಿ ಕೈಗೆ ಬಂದು ಮೂವತ್ತು ವರ್ಷವಾಗಿತ್ತಂತೆ. ಈಗ ಆ ಹೊಲದ ಸುತ್ತ ತಂತಿ ಬೇಲಿ. ‘ಬಿಸಾಕೋಕೆ ಮನಸ್ಸು ಬರಲ್ಲ’ ಎಂದು ಅದನ್ನು ಮತ್ತೆ ಸೂರಿಗೆ ಸಿಕ್ಕಿಸಿದರು.

ನಿಮ್ಮ ತರಗತಿಯಲ್ಲಿ ಯಾರೂ ಏನೂ ಕಳೆದುಕೊಂಡಿಲ್ಲ ಎಂದವರಿಗೆ ಈ ಕಡ್ಡಿಯ ಲೆಕ್ಕ ಗೊತ್ತಿರಲಾರದು. ಪಾವಗಡದ ಬರ ಸುಳ್ಳಲ್ಲ, ಫ್ಲೋರೈಡ್ ನೀರೂ ಸುಳ್ಳಲ್ಲ, ಬೆಂಗಳೂರಿಗೆ ಹೋದ ಬಸ್ಸುಗಳೂ ಸುಳ್ಳಲ್ಲ. ಆದರೆ ಬರಡು ಎಂದು ಬರೆಯುವ ಮುಂಚೆ ಯಾರ ಕಣ್ಣಿಗೆ ಬರಡು ಎಂದು ಕೇಳಬೇಕು. ಒಂದು ಎಕರೆ ಶೇಂಗಾ ಎಂದರೆ ಬಿತ್ತನೆಗೆ ಆಳು, ಕಳೆಗೆ ಆಳು, ಮತ್ತೆ ಕಳೆಗೆ ಆಳು, ಗಿಡ ಕೀಳಲು ಆಳು, ಕಾಯಿ ಬಿಡಿಸಲು ಆಳು. ಮಾಲೀಕನಿಗೆ ನಷ್ಟವಾದ ವರ್ಷವೂ ಕಳೆ ಕಿತ್ತವರಿಗೆ ಕೂಲಿ ಸಿಕ್ಕಿರುತ್ತಿತ್ತು. ಹೊಟ್ಟು ದನಕ್ಕೆ, ಬದುವಿನ ಹುಲ್ಲು ಮೇಕೆಗೆ, ಜಾಲಿ ಕಡ್ಡಿ ಒಲೆಗೆ. ಇದ್ಯಾವುದೂ ಪಹಣಿಯ ಕಾಲಂಗಳಲ್ಲಿಲ್ಲ. ಬಾಡಿಗೆ ಬಂದಾಗ ಆದದ್ದು ಇಷ್ಟೇ: ಬೆಳೆಯ ಹಣ ಮಾಲೀಕ, ಕೂಲಿ, ಅಂಗಡಿ, ಗಾಡಿಯವ ಎಂದು ನಾಲ್ಕು ಕಡೆ ಹರಿಯುತ್ತಿತ್ತು; ಬಾಡಿಗೆಯ ಹಣ ನೇರ ಒಂದು ಬ್ಯಾಂಕ್ ಖಾತೆಗೆ ಹೋಗಿ ನಿಂತಿತು. ಬಾಡಿಗೆ ಪಡೆಯುವವರು ಕಳೆ ಕೀಳಲು ಯಾರನ್ನೂ ಕರೆಯಬೇಕಿಲ್ಲ.

ಇದರಲ್ಲಿ ಜಮೀನಿನವರ ತಪ್ಪಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಎರಡು ಎಕರೆ ಇದ್ದವರಿಗೆ ವರ್ಷಕ್ಕೆ 42,000 ಬಂದರೆ ಅದು ಸಿರಿತನವೇನಲ್ಲ. ಆ ಏರಿಕೆಯೂ ನಿಧಾನದ್ದು. ಲೆಕ್ಕ ಹಾಕಿ ನೋಡಿ, ಗುತ್ತಿಗೆಯ ಕೊನೆಯ ವರ್ಷಕ್ಕೂ ಎಕರೆಗೆ ಸುಮಾರು 39,600 ರೂಪಾಯಿ ಆಗುತ್ತದೆ, ಅಷ್ಟೇ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತಾ ಹೋದರೆ ಆ 39,600ಕ್ಕೆ ಕೊಳ್ಳಲು ಸಿಗುವುದು ಮೊದಲ ವರ್ಷದ 10,600 ರೂಪಾಯಿಯ ಸಾಮಾನು. ಸಣ್ಣ ಹಿಡುವಳಿದಾರರೂ ನಾಳೆ ನಿಮ್ಮ ಸಾಲಿಗೇ ಬರುವವರು. ಹಾಗಾಗಿ ಊರಿನೊಳಗೆ ಇದನ್ನು ಜಗಳ ಮಾಡಿಕೊಳ್ಳಬೇಡಿ.

ಈಗ ನಿಮ್ಮ ಪಠ್ಯದ ದೇಶಗಳಿಗೆ ಬರೋಣ. ಅಲ್ಲಿನ ಕಥೆಗಳನ್ನು ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ನಷ್ಟ ತುಂಬಿಕೊಡುವಾಗ ಆ ದೇಶ ಯಾರನ್ನು ನಷ್ಟವಾದವರು ಎಂದು ಎಣಿಸಿತು?

ಪೋಲೆಂಡ್ ಇದಕ್ಕೆ ಅತ್ಯುತ್ತಮ ಪಾಠ, ಯಾಕೆಂದರೆ ಒಂದೇ ದೇಶದಲ್ಲಿ ಎರಡು ಉತ್ತರಗಳಿವೆ. 1990ರ ಜನವರಿ 1ರಂದು ಹಣಕಾಸು ಸಚಿವ ಲೆಷೆಕ್ ಬಾಲ್ಟ್ಸೆರೋವಿಚ್ ಅವರ ಯೋಜನೆ ಜಾರಿಗೆ ಬಂತು. ಬೆಲೆ ನಿಯಂತ್ರಣ ಹೋಯಿತು, ಸಬ್ಸಿಡಿ ಕಡಿತವಾಯಿತು. ಕಾಗದದ ಮೇಲೆ ನಿರುದ್ಯೋಗವೇ ಇಲ್ಲದಿದ್ದ ದೇಶದಲ್ಲಿ 1993ರ ಕೊನೆಗೆ ನೋಂದಾಯಿತ ನಿರುದ್ಯೋಗ ನೂರಕ್ಕೆ 16 ದಾಟಿತ್ತು. ಯೋಜನೆ ಜಾರಿಗೆ ಬಂದಾಗ ಕಾರ್ಮಿಕ ಸಚಿವರಾಗಿದ್ದ ಯಾಚೆಕ್ ಕುರೋನ್ ಹಿಂದೆ ಸರ್ಕಾರದ ವಿರುದ್ಧ ಹೋರಾಡಿ ಜೈಲು ಕಂಡವರು. ಅವರು ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡಿಸಿದರು, ಟಿವಿಯಲ್ಲಿ ಬಂದು ಜನರಿಗೆ ನೇರವಾಗಿ ವಿವರಿಸಿದರು. ಆ ಭತ್ಯೆಗೆ ಜನ ಅವರ ಹೆಸರನ್ನೇ ಸೇರಿಸಿ ‘ಕುರೊನ್ಯೂಫ್ಕಾ’ ಎಂದು ಕರೆದರು. ನಮ್ಮಲ್ಲಿ ಒಂದು ಯೋಜನೆಗೆ ಜನರೇ ಪ್ರೀತಿಯಿಂದ ಹೆಸರಿಡುವುದು ಅಪರೂಪ, ಅದಕ್ಕೇ ಇದು ನನ್ನ ನೆನಪಲ್ಲಿ ಉಳಿದಿದೆ.

ಅಲ್ಲಿನ ಕಲ್ಲಿದ್ದಲು ಗಣಿಗಾರರ ಕಥೆ ನೋಡಿ. 1998ರಲ್ಲಿ ಸಾಲದಲ್ಲಿ ಮುಳುಗಿದ್ದ ಗಣಿಗಳನ್ನು ಕಡಿಮೆ ಮಾಡಲೇಬೇಕಾದಾಗ ಸರ್ಕಾರ ಕಾರ್ಮಿಕ ಸಂಘಗಳ ಜೊತೆ ಕೂತು ಒಂದು ಸಾಮಾಜಿಕ ಪ್ಯಾಕೇಜ್ ಮಾಡಿತು. ನಿವೃತ್ತಿ ಹತ್ತಿರವಿದ್ದವರಿಗೆ ಸಂಬಳದ ಮುಕ್ಕಾಲು ಪಾಲಿನೊಂದಿಗೆ ದೀರ್ಘ ರಜೆ, ಬೇಗ ಬಿಡುವವರಿಗೆ ಒಂದೇ ಗಂಟಿನ ಹಣ, ಬೇರೆ ಕೆಲಸ ಕಲಿಯುವವರಿಗೆ ತರಬೇತಿ. ನಾಲ್ಕೈದು ವರ್ಷದಲ್ಲಿ ಸುಮಾರು 1 ಲಕ್ಷ ಜನ ಗಣಿ ಬಿಟ್ಟರು. ಇಡಿಗಂಟನ್ನು ಬೇಗ ಖರ್ಚು ಮಾಡಿಕೊಂಡವರು ಆಮೇಲೆ ಒದ್ದಾಡಿದರು, ಅದೂ ನಿಜ. ಆದರೂ ‘ನಿನ್ನ ಕೆಲಸ ಹೋಯಿತು, ಅದಕ್ಕೆ ಇದು’ ಎಂಬ ಲೆಕ್ಕ ಅಲ್ಲಿತ್ತು.

ಅದೇ ಪೋಲೆಂಡಿನ ಹೊಲಗಳಿಗೆ ಬನ್ನಿ. ಅಲ್ಲಿ ಬಹುಪಾಲು ಭೂಮಿ ಕಮ್ಯುನಿಸ್ಟ್ ಕಾಲದಲ್ಲೂ ಸಣ್ಣ ರೈತರ ಕೈಯಲ್ಲೇ ಉಳಿದಿತ್ತು. ಉತ್ತರ, ಪಶ್ಚಿಮದ ಕಡೆ ಮಾತ್ರ ದೊಡ್ಡ ದೊಡ್ಡ ಸರ್ಕಾರಿ ಕೃಷಿ ಕ್ಷೇತ್ರಗಳಿದ್ದವು. ಅವುಗಳ ಕೂಲಿಯವರಿಗೆ ಸ್ವಂತ ಜಮೀನಿಲ್ಲ. ಹೊಲದ ಪಕ್ಕದಲ್ಲೇ ಕಟ್ಟಿದ ಮಹಡಿ ಮನೆಗಳಲ್ಲಿ ವಾಸ. ಸಂಬಳ, ಮನೆ, ಶಿಶುವಿಹಾರ, ಬಸ್ಸು ಎಲ್ಲವೂ ಆ ಕ್ಷೇತ್ರದಿಂದಲೇ. 1991ರ ಅಕ್ಟೋಬರ್ 19ರ ಕಾನೂನಿನಿಂದ ಆ ಕ್ಷೇತ್ರಗಳನ್ನು ಮುಚ್ಚಿ ಭೂಮಿಯನ್ನು ಸರ್ಕಾರಿ ಏಜೆನ್ಸಿಗೆ ವಹಿಸಿದರು, ಅದು ಮಾರಿತು, ಗುತ್ತಿಗೆಗೆ ಕೊಟ್ಟಿತು. ಸ್ವಂತ ಜಮೀನಿದ್ದ ರೈತರಿಗೆ ಪ್ರತ್ಯೇಕ ವಿಮೆ ಮತ್ತು ಪಿಂಚಣಿಯ ವ್ಯವಸ್ಥೆ ಆ ಹೊತ್ತಿಗೆ ಆಗಿತ್ತು. ಕೂಲಿಯವರಿಗೆ ಸಿಕ್ಕಿದ್ದು ಕೆಲಕಾಲದ ನಿರುದ್ಯೋಗ ಭತ್ಯೆ. ಗಣಿಗಾರರಂತೆ ರಾಜಧಾನಿಗೆ ಬಂದು ರಸ್ತೆ ತುಂಬುವ ಸಂಘ ಅವರಿಗಿರಲಿಲ್ಲ. ಬಸ್ಸು ನಿಂತಿತು, ಶಿಶುವಿಹಾರ ಮುಚ್ಚಿತು. ಮುಂದಿನ ತಲೆಮಾರಿನವರೆಗೂ ಆ ಊರುಗಳ ಬಡತನ ಹೋಗಲಿಲ್ಲ. ನಿಮ್ಮ ತಾಯಿಯವರ ಕಥೆಗೆ ಜಗತ್ತಿನಲ್ಲಿ ಅತಿ ಹತ್ತಿರದ ಕಥೆ ಇದು, ಪರೀಕ್ಷೆಯಲ್ಲೂ ಇದನ್ನು ಬರೆಯಿರಿ.

ರಷ್ಯಾದಲ್ಲಿ ತದ್ವಿರುದ್ಧ. ಅಲ್ಲಿ ಎಲ್ಲರಿಗೂ ಕಾಗದ ಸಿಕ್ಕಿತು. 1992ರ ಅಕ್ಟೋಬರ್‌ನಿಂದ ಪ್ರತಿ ಪ್ರಜೆಗೂ, ಹಸುಗೂಸಿಗೂ ಸೇರಿ, 10,000 ರೂಬಲ್ ಮುಖಬೆಲೆಯ ಒಂದು ವೋಚರ್ ಹಂಚಿದರು: ದೇಶದ ಕಾರ್ಖಾನೆಗಳಲ್ಲಿ ನಿಮ್ಮದೂ ಒಂದು ಪಾಲು ಎಂದು. ಕೇಳಲು ಇದಕ್ಕಿಂತ ಸಮಾನತೆ ಬೇಕೇ? ಆದರೆ ಆ ವರ್ಷ ಬೆಲೆಗಳು ಇಪ್ಪತ್ತು ಪಟ್ಟಿಗೂ ಹೆಚ್ಚು ಏರಿದವು. ಸಂಬಳ ತಿಂಗಳುಗಟ್ಟಲೆ ಬಾಕಿ. ಒಲೆ ಹಚ್ಚಲು ಹಣವಿಲ್ಲದವರು ವೋಚರನ್ನು ಬೀದಿಯಲ್ಲೇ ಸಿಕ್ಕ ಬೆಲೆಗೆ ಮಾರಿದರು, ಕೊಳ್ಳುವ ಶಕ್ತಿ ಇದ್ದವರ ಕೈಗೆ ಕಾರ್ಖಾನೆಗಳು ಹೋದವು. ಗಂಡಸರ ಸರಾಸರಿ ಆಯುಷ್ಯ 1990ರಲ್ಲಿ 64ರ ಹತ್ತಿರವಿದ್ದದ್ದು 1994ಕ್ಕೆ 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲ, ಬರವಿಲ್ಲ, ಆದರೂ ನಾಲ್ಕೇ ವರ್ಷದಲ್ಲಿ ಆರು ವರ್ಷದ ಆಯುಷ್ಯ ಹೋಯಿತು. ಈ ಅಂಕಿಯನ್ನು ಮೂವತ್ತು ವರ್ಷದಿಂದ ಪಾಠ ಮಾಡುತ್ತಾ ಬಂದಿದ್ದೇನೆ, ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ಸಲವೂ ಕೈ ತಡೆಯುತ್ತದೆ. ಹಸಿದವರ ಕೈಯಲ್ಲಿ ಆಸ್ತಿಯ ಕಾಗದ ನಿಲ್ಲುವುದಿಲ್ಲ. ಮೊದಲು ತಿಂಗಳ ಅನ್ನಕ್ಕೆ ಆಧಾರ ಬೇಕು.

ಚೀನಾದ್ದು ಇನ್ನೊಂದು ಬಗೆ. 1990ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳಿಂದ 2 ಕೋಟಿ 50 ಲಕ್ಷಕ್ಕೂ ಹೆಚ್ಚು ಜನರನ್ನು ಕೆಲವೇ ವರ್ಷದಲ್ಲಿ ಮನೆಗೆ ಕಳಿಸಿದರು. ಅವರಿಗೆಂದು ಮರುಉದ್ಯೋಗ ಕೇಂದ್ರಗಳನ್ನು ತೆರೆದು ಮೂರು ವರ್ಷದವರೆಗೆ ಜೀವನ ಭತ್ಯೆ ಕೊಟ್ಟರು. ಇದು ಪಟ್ಟಣದ ನಿವಾಸಿ ಎಂದು ಸರ್ಕಾರಿ ನೋಂದಣಿ ಇದ್ದವರಿಗೆ. ಅದೇ ಪಟ್ಟಣದಲ್ಲಿ ಇಟ್ಟಿಗೆ ಹೊರುತ್ತಿದ್ದ ಹಳ್ಳಿಯವರಿಗೆ ಹಳ್ಳಿಯ ನೋಂದಣಿ, ಹಾಗಾಗಿ ಏನೂ ಇಲ್ಲ. ಬಡವರಿಗೆ ಕನಿಷ್ಠ ಆದಾಯ ತುಂಬಿಕೊಡುವ ‘ದಿಬಾವ್’ ಯೋಜನೆ ಪಟ್ಟಣಗಳಿಗೆ 1999ರಲ್ಲೇ ದೇಶವ್ಯಾಪಿ ನಿಯಮವಾಯಿತು, ಹಳ್ಳಿಗಳಿಗೆ 2007ರವರೆಗೆ ಕಾಯಬೇಕಾಯಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಚೀನಾದಲ್ಲಿ ಸಾಮೂಹಿಕ ಬೇಸಾಯ ಮುರಿದಾಗ ಊರಿನ ಭೂಮಿಯನ್ನು ಮನೆಯಲ್ಲಿರುವ ತಲೆಗಳ ಲೆಕ್ಕದಲ್ಲಿ ಎಲ್ಲ ಕುಟುಂಬಗಳಿಗೂ ಹಂಚಿದ್ದರು. ಎಷ್ಟೇ ಸಣ್ಣದಿರಲಿ, ಪ್ರತಿ ಮನೆಗೂ ಒಂದು ತುಂಡು. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದ ಕೋಟ್ಯಂತರ ವಲಸೆ ಕಾರ್ಮಿಕರಿಗೆ ವಾಪಸ್ ಹೋಗಲು ಊರಲ್ಲಿ ಹೊಲವಿತ್ತು. ನಮ್ಮ ಕೂಲಿಯವರು ಬೆಂಗಳೂರಿಂದ ವಾಪಸ್ ಬಂದರೆ ಬರುವುದು ಮನೆಗೆ ಮಾತ್ರ, ಹೊಲಕ್ಕಲ್ಲ.

ಭೂಮಿ ಹಂಚುವ ಕೆಲಸ ನಮ್ಮಲ್ಲೂ ಆಗಿದೆ, ದೇವರಾಜ ಅರಸು ಅವರ ಕಾಲದಲ್ಲಿ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ. ಲಕ್ಷಾಂತರ ಗೇಣಿದಾರರು ಫಾರಂ 7 ಹಾಕಿ ಒಡೆಯರಾದರು. ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಆ ಘೋಷಣೆಯ ಪದವನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ: ಉಳುವವನೇ ಹೊಲದೊಡೆಯ. ಉಳುವವನು. ನೇಗಿಲು ಹಿಡಿದವನು ಆ ಪದದೊಳಗೆ ಬಂದ. ಅದೇ ಹೊಲದಲ್ಲಿ ಬಗ್ಗಿ ಕಳೆ ಕಿತ್ತವಳು ಬರಲಿಲ್ಲ, ಕಾಯಿ ಬಿಡಿಸಿದವಳು ಬರಲಿಲ್ಲ. ನಿಮ್ಮ ಅಜ್ಜಿಯವರು ಆಗ ಎಲ್ಲಿ ಕೂಲಿ ಮಾಡುತ್ತಿದ್ದರು, ಕೇಳಿ ನೋಡಿ. ಪ್ರತಿ ಪರಿವರ್ತನೆಯೂ ಕಾನೂನಿನಲ್ಲಿ ಒಂದು ಪದವನ್ನು ಆರಿಸಿಕೊಳ್ಳುತ್ತದೆ. ಗೇಣಿದಾರ, ಪಟ್ಟಾದಾರ, ಖಾಯಂ ನೌಕರ, ಪಟ್ಟಣದ ನೋಂದಣಿದಾರ. ನ್ಯಾಯ ಆ ಪದದ ಗಡಿಯವರೆಗೆ ಬಂದು ನಿಲ್ಲುತ್ತದೆ. ಭೂರಹಿತ ಹೆಣ್ಣಾಳು ಎರಡು ತಲೆಮಾರಿನಿಂದ ಆ ಗಡಿಯ ಆಚೆ ನಿಂತಿದ್ದಾಳೆ.

(ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡವರ ಪಾಡು ನಡುವಿನದು. ಹತ್ತಾರು ವರ್ಷ ಉತ್ತಿದ್ದಾರೆ, ಫಾರಂ 50, 53, 57 ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿದ್ದಾರೆ, ಪಹಣಿಯಲ್ಲಿ ಮಾತ್ರ ಈಗಲೂ ಸರ್ಕಾರ ಎಂದೇ ಇದೆ. ಪಕ್ಕದ ಊರಿನಲ್ಲಿ ಗುತ್ತಿಗೆ ಮಾತು ಮುಂದುವರಿಯುವ ಮುಂಚೆ ಇಂಥ ಅರ್ಜಿಗಳು ಇತ್ಯರ್ಥವಾಗಬೇಕು. ಆಮೇಲೆ ಆಗುವುದಿಲ್ಲ.)

ಕೋಲಾರ ಜಿಲ್ಲೆಯ ಕೆಜಿಎಫ್ ಕಡೆಯೂ ಒಮ್ಮೆ ನೋಡಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. 120 ವರ್ಷ ಭೂಮಿಯೊಳಗೆ ಇಳಿದ ಊರು ಅದು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು ಇಂದಿಗೂ ಸಾವಿರಾರು. ಗಣಿ ಮುಚ್ಚುವುದು ಅನಿವಾರ್ಯವಿರಬಹುದು, ಅದರ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ಆದರೆ ಒಂದು ಊರಿಗೆ ಒಂದೇ ಉದ್ಯೋಗವಿದ್ದಾಗ, ನೌಕರನ ಕೈಗೆ ಗಂಟು ಕೊಟ್ಟರೂ ಅವನ ಬಟ್ಟೆ ಹೊಲಿದವನಿಗೆ, ಅವನಿಗೆ ಹಾಲು ಹಾಕಿದವಳಿಗೆ ಯಾರೂ ಏನೂ ಕೊಡುವುದಿಲ್ಲ ಎಂಬುದಕ್ಕೆ ನಮ್ಮ ಕಣ್ಣ ಮುಂದಿನ ಸಾಕ್ಷಿ ಅದು.

ಇನ್ನು ಕಾನೂನಿನ ಮಾತು. ಇದನ್ನು ನಿಧಾನವಾಗಿ ಓದಿ, ನಿಮ್ಮ ಪ್ರಶ್ನೆಯ ಉತ್ತರದ ಗಂಟು ಇಲ್ಲೇ ಇದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನಿಮ್ಮ ತಾಯಿಯವರು ಇದ್ದಾರೆ. ‘ಬಾಧಿತ ಕುಟುಂಬ’ ಯಾವುದು ಎಂದು ಹೇಳುವ 3ನೇ ಕಲಮಿನಲ್ಲಿ, ಸ್ವಂತ ಜಮೀನಿಲ್ಲದೆ ಆ ಪ್ರದೇಶದಲ್ಲಿ ಕೃಷಿ ಕೂಲಿ, ಗೇಣಿ, ಪಾಲಿನ ಬೇಸಾಯ, ಕುಶಲ ಕೆಲಸ ಮಾಡಿಕೊಂಡು, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿದ್ದ ಕುಟುಂಬವೂ ಸೇರುತ್ತದೆ. ಅಂಥ ಕುಟುಂಬಕ್ಕೆ ಏನು ಎಂಬುದು ಎರಡನೇ ಅನುಸೂಚಿಯಲ್ಲಿದೆ: ಯೋಜನೆಯಲ್ಲಿ ಒಂದು ಕೆಲಸ, ಇಲ್ಲವೇ ಒಂದೇ ಸಲಕ್ಕೆ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ, ಅದೂ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುತ್ತಾ. ಜೊತೆಗೆ ಯೋಜನೆಗೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಸಾರ್ವಜನಿಕ ಅಹವಾಲು ನಡೆಯಬೇಕು. ಕಳೆ ಕಿತ್ತವಳೂ ಒಳಗೆ ಬರುವಷ್ಟು ಅಗಲವಾದ ಪದವನ್ನು ನಮ್ಮ ಕಾನೂನು ಕೊನೆಗೂ ಬರೆದಿತ್ತು.

ಆದರೆ ಇದೆಲ್ಲ ಜಮೀನನ್ನು ಸ್ವಾಧೀನ ಮಾಡಿಕೊಂಡರೆ. ಪಾವಗಡದಲ್ಲಿ ಆದದ್ದು ಗುತ್ತಿಗೆ. ಅದೇ ಕಾಯ್ದೆಯ 104ನೇ ಕಲಂ, ಸಾಧ್ಯವಿರುವ ಕಡೆ ಸರ್ಕಾರ ಸ್ವಾಧೀನದ ಬದಲು ಗುತ್ತಿಗೆಗೆ ತೆಗೆದುಕೊಳ್ಳಬಹುದು ಎನ್ನುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಗುತ್ತಿಗೆಯಾದರೆ ಕೂಲಿಯವರಿಗೆ ಏನು ಎಂದು ಅಲ್ಲಿ ಒಂದು ಪದವೂ ಇಲ್ಲ. ಜಮೀನಿದ್ದವರಿಗೆ ಗೌರವದ ದಾರಿಯಾದ ಗುತ್ತಿಗೆಯೇ ಜಮೀನಿಲ್ಲದವರನ್ನು ಕಾಯ್ದೆಯಿಂದ ಹೊರಗಿಟ್ಟಿತು. ಮಾಲೀಕನಿಗೆ ಭೂಮಿ 28 ವರ್ಷದ ಮೇಲೆ ವಾಪಸ್ ಬರುತ್ತದೆ. ನಿಮ್ಮ ತಾಯಿಯವರ ಮಟ್ಟಿಗೆ ಮಾತ್ರ, 28 ವರ್ಷದ ಬೇಲಿಗೂ ಶಾಶ್ವತ ಸ್ವಾಧೀನಕ್ಕೂ ಏನು ವ್ಯತ್ಯಾಸ?

ಹಣ ಎಲ್ಲಿಂದ ಬರಬೇಕು ಎಂದು ತಕ್ಷಣ ಕೇಳುತ್ತಾರೆ, ಅದಕ್ಕೆ ಲೆಕ್ಕ ಇಟ್ಟುಕೊಂಡಿರಿ. ನಮ್ಮ ಕಡೆಯ ಬಿಸಿಲಿಗೆ ಒಂದು ಮೆಗಾವಾಟ್ ಸೋಲಾರ್ ವರ್ಷಕ್ಕೆ ಸರಿಸುಮಾರು 17.5 ಲಕ್ಷ ಯೂನಿಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 2,050 ಮೆಗಾವಾಟಿಗೆ ಸುಮಾರು 358 ಕೋಟಿ ಯೂನಿಟ್. ಯೂನಿಟ್ಟಿಗೆ ಒಂದೇ ಒಂದು ಪೈಸೆ ತೆಗೆದಿಟ್ಟರೆ ವರ್ಷಕ್ಕೆ 3 ಕೋಟಿ 58 ಲಕ್ಷ ರೂಪಾಯಿ. 2013ರ ಕಾಯ್ದೆಯ ತಿಂಗಳ 2,000ದ ಲೆಕ್ಕದಲ್ಲಿ ಸುಮಾರು 1,490 ಕುಟುಂಬಗಳಿಗೆ ಸಾಕು. ಬೆಲೆ ಏರಿಕೆ ಸೇರಿಸಿ 4,000 ಮಾಡಿದರೂ ಎರಡು ಪೈಸೆ. ಐದು ಊರಿನ ಭೂರಹಿತರನ್ನು ಕೈಬಿಟ್ಟು ದೇಶ ಉಳಿಸಿಕೊಂಡದ್ದು ಇಷ್ಟು.

ಗೃಹಲಕ್ಷ್ಮಿ ಬರುತ್ತದಲ್ಲ ಎಂದು ಕೆಲವರು ಹೇಳಬಹುದು. 2023ರ ಆಗಸ್ಟ್‌ನಲ್ಲಿ ಶುರುವಾದ ಆ ಯೋಜನೆಯೂ ತಿಂಗಳಿಗೆ 2,000 ರೂಪಾಯಿಯದೇ. ಅದು ಪಹಣಿ ಕೇಳುವುದಿಲ್ಲ, ನೇರ ಹೆಣ್ಣುಮಗಳ ಖಾತೆಗೆ ಬರುತ್ತದೆ, ಹಾಗಾಗಿ ನಾನು ಅದನ್ನು ಮನಸಾರೆ ಬೆಂಬಲಿಸುತ್ತೇನೆ. ರಷ್ಯಾದಲ್ಲಿ ಇಲ್ಲದೇ ಹೋದದ್ದು ಅದೇ, ತಿಂಗಳ ಆಧಾರ. ಆದರೆ ಅದು ರಾಜ್ಯದ ಕೋಟಿಗೂ ಹೆಚ್ಚು ಹೆಣ್ಣುಮಕ್ಕಳಿಗೆ ಸಿಗುವ ನೆರವು, ಬಾಡಿಗೆ ಪಡೆಯುವವರ ಮನೆಗೂ ಬರುತ್ತದೆ. ನಿಮ್ಮ ತಾಯಿಯವರಿಗೆ ಆದ ನಷ್ಟದ ಬಾಕಿ ಅದರಿಂದ ತೀರುವುದಿಲ್ಲ.

ಕೆಲಸದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೇ ಹೇಳಬೇಕಾಗಿದೆ. ಪ್ಯಾನೆಲ್ ಕೂರಿಸುವಾಗ ಆಳು ಬೇಕು, ಕೂರಿಸಿದ ಮೇಲೆ ಹುಲ್ಲು ಕೊಯ್ಯಲು, ತೊಳೆಯಲು, ಕಾವಲಿಗೆ ಸ್ವಲ್ಪ ಜನ ಸಾಕು. ಅದೂ ಗುತ್ತಿಗೆದಾರನ ಕೈಕೆಳಗೆ. ಗುತ್ತಿಗೆದಾರನ ಕೈಯಲ್ಲಿ ಸಂಬಳ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ನೋಡಿದೆವು. ಮೊಬೈಲ್ ಫೋನ್ ಕಾರ್ಖಾನೆಯ ಹುಡುಗ ಹುಡುಗಿಯರು, ಬಹುಪಾಲು ಗುತ್ತಿಗೆಯವರು, ಸಂಬಳದ ಸಿಟ್ಟಿಗೆ ಸಿಡಿದೆದ್ದರು. ಗಾಜು ಒಡೆದದ್ದು ಎಲ್ಲ ಪತ್ರಿಕೆಯಲ್ಲೂ ಬಂತು; ಅದಕ್ಕೂ ಮುಂಚೆ ಓವರ್‌ಟೈಮ್, ಹಾಜರಿ, ಸಂಬಳದಲ್ಲಿ ಏನೇನು ಏರುಪೇರಾಗಿತ್ತು ಎಂಬುದು ಅಧಿಕಾರಿಗಳ ತಪಾಸಣೆಯಲ್ಲಿ ಆಮೇಲೆ ಹೊರಬಂತು. ನಿಮ್ಮ ಊರಿನವರು ಯಾರಾದರೂ ಪಾರ್ಕಿನಲ್ಲಿ ಕೆಲಸಕ್ಕಿದ್ದರೆ, ಸಂಬಳ ಬ್ಯಾಂಕಿಗೇ ಬರುತ್ತಿದೆಯೇ, ಪಿಎಫ್ ಸಂಖ್ಯೆ, ಇಎಸ್‌ಐ ಕಾರ್ಡ್ ಕೊಟ್ಟಿದ್ದಾರೆಯೇ ಎಂದು ನೋಡಲು ಹೇಳಿ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕರೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದಲೂ ಇದೆ, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ.

ಪಕ್ಕದ ಊರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇನ್ನೂ ಬೇಲಿ ಬಿದ್ದಿಲ್ಲ. ಸಹಿ ಆಗುವ ಮುಂಚೆ ಗ್ರಾಮಸಭೆ ಕರೆಸಿ. ಜಮೀನಿನವರು ಬಾಡಿಗೆ ದರದ ಬಗ್ಗೆ ಮಾತಾಡುತ್ತಾರೆ, ಮಾತಾಡಲಿ, ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಏರಿಕೆ ಕೇಳಿ ಎಂದು ನೀವೇ ಅವರಿಗೆ ಹೇಳಿಕೊಡಿ. ಅದೇ ಸಭೆಯ ನಡವಳಿಯಲ್ಲಿ ಇನ್ನೊಂದು ಠರಾವು ಬರಲಿ: ಈ ಸರ್ವೆ ನಂಬರುಗಳಲ್ಲಿ ಕಳೆದ ಮೂರು ವರ್ಷ ಕೂಲಿ, ಪಾಲು, ಕುರಿ ಮೇಯಿಸಿ ಬದುಕಿದ ಕುಟುಂಬಗಳ ಪಟ್ಟಿ ಇದು, 2013ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇರುವುದನ್ನು ಗುತ್ತಿಗೆ ಕರಾರಿನಲ್ಲೇ ಷರತ್ತಾಗಿ ಸೇರಿಸಬೇಕು, ಕುರಿ ಮೇಕೆಗೆ ದಾರಿ ಬಿಡಬೇಕು. ಗುತ್ತಿಗೆಗೆ ಕಾನೂನಿನ ಒತ್ತಾಯವಿಲ್ಲ, ನಿಜ. ಆದರೆ ಕರಾರಿನಲ್ಲಿ ಬರೆದುಕೊಳ್ಳಲು ಕಾನೂನಿನ ಅಡ್ಡಿಯೂ ಇಲ್ಲ. ಜಮೀನಿನವರ ಸಹಿ ಬೇಕಾಗಿರುವ ತನಕ ಮಾತ್ರ ನಿಮ್ಮ ಮಾತಿಗೂ ಬೆಲೆ ಇರುತ್ತದೆ. ಆದ್ದರಿಂದಲೇ ಅವರೊಂದಿಗೆ ಜಗಳ ಬೇಡ ಎಂದದ್ದು. ಪೋಲೆಂಡಿನ ಗಣಿಗಾರರಿಗೂ ಹೊಲದ ಕೂಲಿಯವರಿಗೂ ಇದ್ದ ವ್ಯತ್ಯಾಸವನ್ನು ನೆನಪಿಡಿ.

ಪಟ್ಟಿಗೆ ಆಧಾರ ಕೇಳುತ್ತಾರೆ, ಕೂಲಿಗೆ ರಸೀದಿ ಇರುವುದಿಲ್ಲ. ಅದಕ್ಕೆ ನೀವು ಒಂದು ಕೆಲಸ ಮಾಡಬಹುದು, ಎಂ.ಎ. ಪ್ರಾಜೆಕ್ಟ್ ಆಗಿಯೇ ಮಾಡಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇದ್ದವರದು ಮೊದಲು ಸೇರಿಸಿಕೊಳ್ಳಿ, ಕೃಷಿ ಕೂಲಿ ಎಂಬುದಕ್ಕೆ ಅವು ಅಷ್ಟೋ ಇಷ್ಟೋ ಆಧಾರ. ಆಮೇಲೆ ಒಂದು ನೋಟ್‌ಬುಕ್ ತಗೊಂಡು ಮೊದಲು ನಿಮ್ಮ ತಾಯಿಯವರ ಹತ್ತಿರ ಕೂತು, ಆಮೇಲೆ ಪಕ್ಕದ ಊರಿನ ಮನೆಮನೆಯಲ್ಲಿ ಕೂತು, ಒಂದು ವರ್ಷದ ದುಡಿಮೆಯನ್ನು ತಿಂಗಳು ತಿಂಗಳಾಗಿ ಬರೆದುಕೊಳ್ಳಿ. ಯಾವ ತಿಂಗಳು ಯಾರ ಹೊಲ, ಎಷ್ಟು ದಿನ ಕಳೆ, ಎಷ್ಟು ದಿನ ಕಾಯಿ ಬಿಡಿಸಿದ್ದು, ಕೂಲಿ ದುಡ್ಡಾಗಿ ಎಷ್ಟು, ಕಾಳಾಗಿ ಎಷ್ಟು, ಸೌದೆ ಎಲ್ಲಿಂದ, ಮೇಕೆ ಎಲ್ಲಿ ಮೇಯುತ್ತಿತ್ತು. ಹೊಲದವರ ಸಹಿ ಸಿಕ್ಕರೆ ಪಕ್ಕದಲ್ಲೇ ಹಾಕಿಸಿ. ಬರೆಯುವಾಗ ನಿಮ್ಮ ತಾಯಿಯವರು ‘ಅದೆಲ್ಲ ಏನು ಬಿಡು, ಅದು ಕೂಲಿಯಲ್ಲ’ ಎಂದು ಹಕ್ಕಲಿನ ಮಾತನ್ನು ದಾಟಿಸಿಬಿಡಬಹುದು. ಅಲ್ಲಿ ತಡೆದು ಕೇಳಿ. ಎಷ್ಟು ದಿನ ಆಯುತ್ತಿದ್ದರು, ಎಷ್ಟು ಸೇರು ಸಿಗುತ್ತಿತ್ತು, ಅದಕ್ಕೂ ಒಂದು ಸಾಲು ಹಾಕಿ.